ಅವನು ಕೂತಾಗ ಮಾತ್ರ ತಡವರಿಸಿದ ಟ್ರಕ್ಕು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲೆಲ್ಲ ಮೈ ಉರಿಯುತ್ತಿತ್ತು. ಯಾರದೋ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ ಮುಗಿದು, ಒಬ್ಬರು "ನಮ್ಮ ಅಜ್ಜಿಗೆ ಮೊದಲೇ ಕನಸು ಬಿದ್ದಿತ್ತು ಗೊತ್ತಾ" ಎಂದು ಶುರುಮಾಡಿದರೆ ನಾನು ಎಲ್ಲರ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಪಾತ್ರೆ ತೊಳೆಯುವುದು ಅದಕ್ಕಿಂತ ವಾಸಿ ಅನ್ನಿಸುತ್ತಿತ್ತು. ಸ್ಯಾನ್ ಹೊಸೆಯಲ್ಲಿ ನನ್ನ ಕೆಲಸ ಕಂಪ್ಯೂಟರ್ ಚಿಪ್ಪುಗಳನ್ನು ಪರೀಕ್ಷಿಸುವುದು. ಯಾರಾದರೂ "ಇದು ಸರಿಯಾಗಿ ನಡೀತಿದೆ" ಎಂದರೆ "ಎಷ್ಟು ಸಲ ನೋಡಿದಿರಿ?" ಎಂದು ಕೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹಾಗಾಗಿ ಈಗ ನಾನು ಹೇಳುತ್ತಿರುವಾಗ ನೀವು ಎದ್ದು ಹೋದರೆ ನನಗೆ ಬೇಜಾರಿಲ್ಲ. ನಾಲ್ಕು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಸಾಕಾಗಿದೆ.

ಟ್ರಕ್ಕು ನನ್ನ ಗಂಡ ಶ್ರೀಧರನದು. ಆಫೀಸಿನಲ್ಲಿ ಅವನು ಸಾಫ್ಟ್‌ವೇರಿನವನು, ಮನೆಗೆ ಬಂದರೆ ಬಡಗಿ. ಗ್ಯಾರೇಜಿನಲ್ಲಿ ಮರ ಕೊಯ್ದು ಮಣೆ, ಬೆಂಚು, ದೇವರ ಮಂಟಪ ಮಾಡಿ ಸ್ನೇಹಿತರಿಗೆ ಹಂಚುವುದು ಅವನ ಹುಚ್ಚು. ದಿಮ್ಮಿ ತರುವುದಕ್ಕೆಂದು ಇಪ್ಪತ್ತೈದು ವರ್ಷ ಹಳೆಯ ಡೀಸೆಲ್ ಪಿಕಪ್ ಒಂದನ್ನು ನನ್ನನ್ನು ಕೇಳದೆ ಕೊಂಡುತಂದಿದ್ದ. ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮುಂದೆ ಸದ್ದಿಲ್ಲದ ಎಲೆಕ್ಟ್ರಿಕ್ ಕಾರುಗಳು. ನಮ್ಮ ಮನೆ ಮುಂದೆ ಮಾತ್ರ ಹಿಟ್ಟಿನ ಗಿರಣಿ. ರಿಪೇರಿಯೆಲ್ಲ ನನ್ನ ಪಾಲಿಗೆ ಬಂತು, ಏಕೆಂದರೆ ನಾನು ಹುಬ್ಬಳ್ಳಿಯಲ್ಲಿ ನನ್ನ ಕಾಕಾನ ಲಾರಿ ಗ್ಯಾರೇಜಿನಲ್ಲಿ ಶಾಲೆಯ ರಜೆಗಳನ್ನೆಲ್ಲ ಕಳೆದವಳು. ಶ್ರೀಧರನಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ, ಟ್ರಕ್ಕನ್ನು ಮುದ್ದು ಮಾಡಲು ಮಾತ್ರ ಬರುತ್ತದೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ನಲವತ್ತು ವರ್ಷ ಡೀಸೆಲ್ ಎಂಜಿನ್ನುಗಳ ನಡುವೆ ನಿಂತು ಕಿವಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಆ ವರ್ಷ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ನಾವು ಕೊಡಿಸಿದ ಕಿವಿಯ ಯಂತ್ರ ಸದಾ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಎಂಜಿನ್ನಿನ ಸದ್ದು ಕೇಳಬೇಕಾದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ಸದ್ದು ಹಲ್ಲಿನಿಂದ ತಲೆಬುರುಡೆಗೆ ಏರುತ್ತದೆ. ಅದರಲ್ಲಿ ವಿಚಿತ್ರವೇನೂ ಇಲ್ಲ, ನೀವೂ ಮಾಡಿ ನೋಡಬಹುದು.

ತೊಂದರೆ ಶುರುವಾದದ್ದು ಆಯುಧಪೂಜೆಯ ಮಾರನೆಯ ದಿನ. ಗೇರ್ ಹಾಕದೆ ನಿಂತಲ್ಲೇ ಓಡುವಾಗ ಟ್ರಕ್ಕು ಒಂದೇ ಲಯದಲ್ಲಿ ಗುಡುಗುಟ್ಟಬೇಕು. ಅದು ಬಿಟ್ಟು, ಇದು ಸ್ವಲ್ಪ ಹೊತ್ತು ಸರಿಯಾಗಿ ಓಡಿ, ಯಾರೋ ಒಳಗಿನಿಂದ ಹಿಡಿದುಕೊಂಡಂತೆ ತಟಕ್ಕನೆ ತಡೆಯುತ್ತಿತ್ತು. ಇನ್ನೇನು ಆಫ್ ಆಯಿತು ಅನ್ನುವಾಗ ಮತ್ತೆ ಹಿಡಿದುಕೊಂಡು, ಇಡೀ ಬಾಡಿ ಗಡಗಡ ನಡುಗುತ್ತಿತ್ತು. ಕಾಕಾ ಹಲ್ಲಿನಲ್ಲಿ ಕೇಳಿ, "ಮಿಸ್ಸಿಂಗ್ ಹೊಡ್ಯಾಕತ್ತೈತಿ" ಎಂದರು; ಯಾವುದೋ ಸಿಲಿಂಡರು ನಡುನಡುವೆ ಉರಿಯದೆ ತಪ್ಪಿಸುತ್ತಿದೆ ಎಂದರ್ಥ. ನನಗೆ ಕಾರಣ ಕಣ್ಣೆದುರಿಗೇ ಇತ್ತು. ಪೂಜೆಗೆಂದು ಶ್ರೀಧರ ಬಾನೆಟ್ ಎತ್ತಿ, ಜೋರು ನೀರಿನ ಪೈಪಿನಲ್ಲಿ ಎಂಜಿನ್ನಿಗೆ ಅಭ್ಯಂಜನ ಮಾಡಿಸಿದ್ದ. ಹಳೆಯ ವೈರುಗಳ ಕೊಂಡಿಯೊಳಗೆ ನೀರು ಹೋದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ಕರೆಂಟು ಸರಿಯಾಗಿ ಹೋಗುವುದಿಲ್ಲ. ಅವನನ್ನು ಚೆನ್ನಾಗಿ ಬೈದೆ. ಕೊಂಡಿಗಳನ್ನು ಬಿಚ್ಚಿದರೆ ಒಳಗೆ ನೀರಿನ ಪಸೆ, ಜೊತೆಗೆ ಕುಂಕುಮ. ಹೇರ್ ಡ್ರೈಯರಿನಲ್ಲಿ ಒಣಗಿಸಿ ಮತ್ತೆ ಕೂಡಿಸಿದೆ. ಸಂಜೆ ಸ್ಟಾರ್ಟ್ ಮಾಡಿದಾಗ ಬೆಣ್ಣೆಯಂತೆ ಓಡಿತು. ನಾನು ಕೈ ಒರೆಸಿಕೊಂಡು ಒಳಗೆ ಹೋದೆ.

ಮರುದಿನ ಬೆಳಗ್ಗೆ ಶ್ರೀಧರ ಸ್ಟಾರ್ಟ್ ಮಾಡಿದ. ಮತ್ತೆ ಅದೇ ತಡೆ, ಅದೇ ನಡುಕ.

ಆಮೇಲಿನ ಮೂರು ವಾರ ನಾನು ಮಾಡದ ಕೆಲಸವಿಲ್ಲ. ಡೀಸೆಲ್ ಫಿಲ್ಟರು ಬದಲಿಸಿದೆ. ಪೈಪಿನಲ್ಲಿ ಎಲ್ಲಿಂದಲೋ ಗಾಳಿ ಸೇರುತ್ತಿದೆಯೇನೋ ಎಂದು ಒಂದೊಂದು ಜೋಡಣೆಯನ್ನೂ ಬಿಗಿ ಮಾಡಿದೆ. ಲ್ಯಾಪ್‌ಟಾಪು ಜೋಡಿಸಿ ಎಂಟೂ ಸಿಲಿಂಡರುಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದೆ. ಎಂಟೂ ತಮ್ಮ ಪಾಲಿನ ಕೆಲಸ ಮಾಡುತ್ತಿದ್ದವು. ಕಿರಿಕಿರಿಯ ಸಂಗತಿಯೆಂದರೆ, ನಾನು ಕೂತು ಪರೀಕ್ಷಿಸುವಾಗ ಟ್ರಕ್ಕು ಒಮ್ಮೆಯೂ ತಡವರಿಸುತ್ತಿರಲಿಲ್ಲ. ಶ್ರೀಧರ ಕೂತರೆ ಮತ್ತೆ ಅದೇ ದೂರು. ಮೂರನೆಯ ವಾರದ ಹೊತ್ತಿಗೆ ನನ್ನ ತಾಳ್ಮೆ ತಳ ಕಂಡಿತ್ತು.

"ನೀನು ಏನೋ ಮಾಡ್ತಿದ್ದೀಯ. ಪೆಡಲ್ ಮೇಲೆ ಕಾಲಿಟ್ಟಿರ್ತೀಯ," ಎಂದೆ.

"ಕಾಲು ನೆಲದ ಮೇಲಿದೆ ಕಣೇ. ಬಗ್ಗಿ ನೋಡು ಬೇಕಾದ್ರೆ. ನಿನ್ನ ಕಂಡ್ರೆ ಅದಕ್ಕೆ ಭಯ, ನನ್ನ ಕಂಡ್ರೆ ಸದರ. ಮನೇಲಿ ಎಲ್ಲಾದಕ್ಕೂ ಹಾಗೇ ಅಲ್ವಾ," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಆ ವಾರದ ಕೊನೆಗೆ, ಭಾನುವಾರ, ಅವನು ಬೆಟ್ಟ ದಾಟಿ ಸಮುದ್ರದ ಕಡೆಯ ಒಬ್ಬ ಮರದವನ ಹತ್ತಿರ ಹೋಗಿ ರೆಡ್‌ವುಡ್ ದಿಮ್ಮಿ ತರುವವನಿದ್ದ. ಒಬ್ಬನೇ. ಆ ದಾರಿ ಗೊತ್ತಿದ್ದವರಿಗೆ ಗೊತ್ತು: ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ತಿರುವಿನ ಮೇಲೆ ತಿರುವು, ಹಿಂದಿನವರಿಗೆಲ್ಲ ಅವಸರ. ಇಳಿಜಾರಿನಲ್ಲಿ ದಿಮ್ಮಿ ಹೊತ್ತ ಟ್ರಕ್ಕಿನ ಎಂಜಿನ್ ನಿಂತುಬಿಟ್ಟರೆ ಸ್ಟೀರಿಂಗೂ ಬ್ರೇಕೂ ಕಲ್ಲಿನಂತಾಗುತ್ತವೆ. ಶನಿವಾರ ಸಂಜೆಯೊಳಗೆ ಕಾರಣ ಸಿಗದಿದ್ದರೆ ಬೀಗದ ಕೈ ಕೊಡುವುದಿಲ್ಲ ಎಂದೆ. ಅವನು "ಸರಿ, ಹುಡುಕು" ಎಂದ.

ಶನಿವಾರ ಬೆಳಗ್ಗೆ ಹತ್ತಕ್ಕೆ, ಮನೆ ಮುಂದೆ ಗಾಡಿ ನಿಲ್ಲಿಸುವ ಡ್ರೈವ್‌ವೇಯಲ್ಲಿ ಮೇಜು ಹಾಕಿಕೊಂಡು ಕೂತೆ. ಈ ಸಲ ಎಂಜಿನ್ನನ್ನು ಬಿಟ್ಟು ಕೂರುವವರನ್ನು ಪರೀಕ್ಷಿಸುವುದು ಎಂದು ತೀರ್ಮಾನಿಸಿದ್ದೆ. ಸೀಟಿನ ಕೆಳಗೆ ಯಾವುದೋ ವೈರು ಅವನ ಭಾರಕ್ಕೆ ಒತ್ತಿಕೊಳ್ಳುತ್ತಿರಬೇಕು, ಅಷ್ಟೇ. ನಾನು ಕೂತೆ, ಎಂಜಿನ್ ಹತ್ತು ನಿಮಿಷ ಸಮನಾಗಿ ಓಡಿತು. ಕಾಕಾ ಕೂತರು, ಸಮ. ಶ್ರೀಧರ ಕೂತ; ಎರಡನೆಯ ನಿಮಿಷಕ್ಕೆ, ಎಂಜಿನ್ನಿನ ವೇಗ ತೋರಿಸುವ ಲ್ಯಾಪ್‌ಟಾಪಿನ ಗೆರೆ ಕೆಳಗೆ ಬಿತ್ತು. ಅವನ ತೂಕಕ್ಕೆ ಸರಿಯಾಗಿ ಅಕ್ಕಿ ಚೀಲ, ಗೋಧಿಹಿಟ್ಟಿನ ಚೀಲ, ತೋಟದ ಗೊಬ್ಬರದ ಚೀಲ ಪೇರಿಸಿ ಸೀಟ್ ಬೆಲ್ಟ್ ಹಾಕಿದೆ. ಸಮ. ಎದುರು ಮನೆಯಾಕೆ ನಾಯಿ ತಿರುಗಾಡಿಸುತ್ತಾ ಆ ಚೀಲಗಳನ್ನು ನೋಡಿ, ನನ್ನನ್ನು ನೋಡಿ, ಕೈ ಬೀಸಿ ಹೋದಳು.

ಪೆಡಲಿನ ಅನುಮಾನವೂ ಉಳಿಯಬಾರದೆಂದು ಶ್ರೀಧರನನ್ನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿದೆ. ಕೈ ತೊಡೆಯ ಮೇಲೆ. ಜೇಬಿನಿಂದ ಫೋನು ತೆಗೆಸಿದೆ, ಕೈಯ ವಾಚು ಬಿಚ್ಚಿಸಿದೆ. ಎಂಜಿನ್ ತಡವರಿಸಿತು. ಬೇಕೆಂದೇ ಅನುಕ್ರಮ ತಪ್ಪಿಸಲು ನಾಣ್ಯ ಚಿಮ್ಮಿ ಯಾರು ಕೂರಬೇಕೆಂದು ನಿರ್ಧರಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವನು ಹನ್ನೊಂದು ಸಲ ಕೂತಿದ್ದ. ಹನ್ನೊಂದು ಸಲವೂ ಟ್ರಕ್ಕು ತಡವರಿಸಿತು, ನಾನು ಹಾಳೆಯಲ್ಲಿ ಹನ್ನೊಂದು ಗೀಟು ಹಾಕಿದೆ. ನಾನೋ ಕಾಕಾನೋ ಕೂತಾಗ, ಚೀಲಗಳು ಕೂತಾಗ ಒಮ್ಮೆಯೂ ಇಲ್ಲ. ನನ್ನ ಆಫೀಸಿನಲ್ಲಿ ಯಾರಾದರೂ ಇಂಥ ಪಟ್ಟಿ ತಂದಿಟ್ಟಿದ್ದರೆ ಚರ್ಚೆಯೇ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೆ. ಗೀಟುಗಳನ್ನು ಮತ್ತೊಮ್ಮೆ ಮೊದಲಿನಿಂದ ಎಣಿಸಿದೆ.

ಕಾಕಾ ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು, ಹಿಡಿಯನ್ನು ಪಂಚೆಯ ಅಂಚಿಗೆ ಒರೆಸಿದರು. ಶ್ರೀಧರ ನೀರು ಕುಡಿಯಲು ಒಳಗೆ ಹೋಗಿದ್ದ.

"ಎಂಜಿನ್ನಿನಾಗ ಏನೂ ದೋಷ ಇಲ್ಲವ್ವಾ," ಎಂದರು. "ಇಂವನ್ನ ಯಾರಿಗಾರ ತೋರ್ಸು."

"ಏನು ಕಾಕಾ ಹಂಗಂದ್ರ? ಯಾರಿಗೆ ತೋರ್ಸೂದು?" ಎಂದು ಅವರ ಮುಖಕ್ಕೆ ಮುಖ ಕೊಟ್ಟು ಜೋರಾಗಿ ಕೇಳಿದೆ.

"ಡಾಕ್ಟರಗ. ಇವತ್ತಽ ತೋರ್ಸು. ನಾಳೆ ಗಾಡಿ ಹೊರಗ ಹಾಕಬ್ಯಾಡ್ರಿ."

ನನಗೆ ರೇಗಿತು. ಚಿಕ್ಕಂದಿನಿಂದ ಯಾರಿಂದ ತರ್ಕ ಕಲಿತೆನೋ ಅವರೇ ಹೀಗೆ ಮಾತಾಡಿದರೆ ಯಾರಿಗೆ ಹೇಳುವುದು? ವಯಸ್ಸಾಯಿತು, ಅರಳುಮರಳು ಎಂದುಕೊಂಡೆ. ಆದರೆ ಕೈಗಳು ನನ್ನ ಮಾತು ಕೇಳಲಿಲ್ಲ. ಲ್ಯಾಪ್‌ಟಾಪು ಮುಚ್ಚಿ, ಶ್ರೀಧರನ ಆರೋಗ್ಯ ವಿಮೆಯ ಕಾರ್ಡು ಹುಡುಕತೊಡಗಿದ್ದೆ.

ಅವನನ್ನು ಹೊರಡಿಸುವುದೇ ಒಂದು ಯುದ್ಧವಾಯಿತು. ಅವನಿಗೆ ನಲವತ್ತೆಂಟು, ವಾರಕ್ಕೆ ಮೂರು ದಿನ ಓಡುತ್ತಾನೆ, ನೋವಿಲ್ಲ, ಸುಸ್ತಿಲ್ಲ, ತಲೆಸುತ್ತಿಲ್ಲ. ವಾಚಿನಲ್ಲಿ ನಾಡಿ ನೋಡಿದರೆ ಎಪ್ಪತ್ತೆರಡು. "ಟ್ರಕ್ಕು ಹೇಳಿತು ಅಂತ ಡಾಕ್ಟರ ಹತ್ರ ಹೋಗೋ ಮೊದಲನೇ ಮನುಷ್ಯ ನಾನೇ ಇರ್ಬೇಕು," ಎಂದು ಗೊಣಗುತ್ತಲೇ ನನ್ನ ಕಾರಿನಲ್ಲಿ ಕೂತ. ಹತ್ತಿರದ ಕ್ಲಿನಿಕ್ಕಿನಲ್ಲಿ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಎಲ್ಲ ಸರಿಯಾಗಿದೆ, ಏನಾದರೂ ತೊಂದರೆ ಅನ್ನಿಸಿದರೆ ಬನ್ನಿ ಎಂದು ಅಲ್ಲಿಯ ಯುವ ವೈದ್ಯೆ ನಗುತ್ತಾ ಕಳಿಸಿದಳು.

ಪಾರ್ಕಿಂಗ್ ಜಾಗದಲ್ಲಿ ಕಾರು ಸ್ಟಾರ್ಟ್ ಮಾಡದೆ ಕೂತುಬಿಟ್ಟೆ. ಆ ಹತ್ತು ನಿಮಿಷ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಒಂದು ಕಡೆ ನಾನು ಜೀವನವಿಡೀ ನಂಬಿದ್ದು: ಯಂತ್ರ ಅಳೆದಿದೆ, ವೈದ್ಯೆ ನೋಡಿದ್ದಾಳೆ, ಎಲ್ಲ ಸರಿಯಿದೆ. ಇನ್ನೊಂದು ಕಡೆ ನನ್ನ ಕೈಯಾರೆ ಬರೆದ ಹನ್ನೊಂದು ಗೀಟು. ಇಸಿಜಿ ನೋಡಿದ್ದು ಹತ್ತೇ ಸೆಕೆಂಡು, ಒಂದೇ ಸಲ. ಟ್ರಕ್ಕು ನೋಡಿದ್ದು ಮೂರು ವಾರ. "ಎಷ್ಟು ಸಲ ನೋಡಿದಿರಿ?" ಎಂದು ಕೇಳುವ ನನ್ನದೇ ಬುದ್ಧಿ ಈಗ ನನ್ನ ಕುತ್ತಿಗೆ ಹಿಡಿದಿತ್ತು. ಸುಮ್ಮನೆ ಮನೆಗೆ ಹೋದರೆ ನಾಳೆ ಅವನು ಬೆಟ್ಟ ಹತ್ತುತ್ತಾನೆ. ಬೀಗದ ಕೈ ಬಚ್ಚಿಟ್ಟರೆ ಮುಂದಿನ ವಾರ ಹತ್ತುತ್ತಾನೆ. ನನಗೆ ತುಂಬಾ ಹೆದರಿಕೆಯಾಗಿತ್ತು, ಅದನ್ನು ಅವನಿಗೆ ಹೇಳಲು ನಾಚಿಕೆಯೂ ಆಗಿತ್ತು.

ಕಾರನ್ನು ಮನೆಯ ಕಡೆಗೆ ತಿರುಗಿಸದೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಬಿಟ್ಟೆ. ಒಳಗೆ ನರ್ಸು ಏನಾಯಿತೆಂದು ಕೇಳಿದಾಗ, ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ಬೆಳಗ್ಗೆ ಡ್ರೈವ್‌ವೇಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರು, ಅರ್ಧ ನಿಮಿಷ ಎಚ್ಚರವಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. ಇಪ್ಪತ್ತು ವರ್ಷದ ಕೆಲಸದಲ್ಲಿ ಒಂದು ಅಂಕಿಯನ್ನೂ ತಿದ್ದಿದವಳಲ್ಲ ನಾನು. ಅರ್ಧ ನಿಮಿಷ ಎಂದು ಅಳತೆ ಸಮೇತ ಸುಳ್ಳು ಹೇಳಿದೆ.

ಶ್ರೀಧರ ನನ್ನ ಕಡೆ ತಿರುಗಿದ. "ಏನ್ ಹೇಳ್ತಿದ್ದೀಯ ನೀನು?" ಎಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದ.

"ಒಂದು ದಿನ. ಒಂದೇ ಒಂದು ದಿನ ಬಿದ್ದವನ ಹಾಗೆ ಇರು," ಎಂದೆ. "ಆಮೇಲೆ ಸಾಯೋವರೆಗೂ ಆಡ್ಕೊಂಡು ನಗು. ನಾನು ಒಂದು ಮಾತೂ ಆಡಲ್ಲ."

ನರ್ಸು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಬಿದ್ದದ್ದು ನಿಮಗೆ ನೆನಪಿದೆಯೇ ಎಂದು ಅವನನ್ನು ಕೇಳಿದಳು. ಶ್ರೀಧರ ಮಹಾ ಸತ್ಯವಂತ. ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟರೆ ಅರ್ಧ ದಾರಿಯಿಂದ ವಾಪಸು ಹೋಗುವವನು. ನನ್ನ ಮುಖ ನೋಡಿದ. ಆಮೇಲೆ, ನೆನಪಿಲ್ಲ ಎಂದ. ಅದು ಸುಳ್ಳೇನೂ ಆಗಿರಲಿಲ್ಲ.

ಪ್ರಜ್ಞೆ ತಪ್ಪಿದವನೆಂದು ಒಳಗೆ ಮಲಗಿಸಿ, ಎದೆಗೆ ವೈರು ಅಂಟಿಸಿ, ರಾತ್ರಿಯವರೆಗಾದರೂ ನೋಡೋಣ ಎಂದರು. ಒಂದು ಗಂಟೆ ಏನೂ ಆಗಲಿಲ್ಲ. ಎರಡನೆಯ ಗಂಟೆಯಲ್ಲೂ ಇಲ್ಲ. ಪರದೆಯ ಆಚೆ ಒಬ್ಬ ಮುದುಕ ಜೋರಾಗಿ ನರಳುತ್ತಿದ್ದ; ಅಂಥವರಿಗೆ ಸಿಗಬೇಕಾದ ಹಾಸಿಗೆಯಲ್ಲಿ ನನ್ನ ಗಟ್ಟಿಮುಟ್ಟಾದ ಗಂಡ ಕಾಲು ಚಾಚಿ ಮಲಗಿದ್ದಾನೆ ಎಂದು ನನಗೆ ಅವಮಾನವಾಯಿತು. ನಾಲ್ಕೂವರೆಯ ಹೊತ್ತಿಗೆ ಎದ್ದು ನರ್ಸಿಗೆ ನಿಜ ಹೇಳಿಬಿಡೋಣ ಎಂದು ನಿಂತೆ. ಶ್ರೀಧರ ಫೋನಿನಲ್ಲಿ ಮರದವನಿಗೆ ಏನೋ ಬರೆಯುತ್ತಾ, "ನಾಳೆ ಬೆಳಗ್ಗೆ ಒಂಬತ್ತಕ್ಕೇ ಹೊರಟ್ರೆ..." ಎನ್ನುತ್ತಿದ್ದ.

ಮಾತು ಅಲ್ಲಿಗೆ ನಿಂತಿತು. ನಾನು ಅವನನ್ನು ನೋಡುತ್ತಿರಲಿಲ್ಲ, ಮಾನಿಟರನ್ನು ನೋಡುತ್ತಿದ್ದೆ. ಗುಡ್ಡ ಗುಡ್ಡವಾಗಿ ಸಾಗುತ್ತಿದ್ದ ಗೆರೆ ತಟಕ್ಕನೆ ಚಪ್ಪಟೆಯಾಯಿತು. ಆ ತಡೆ ನನಗೆ ಹೊಸದಾಗಿರಲಿಲ್ಲ. ಅವತ್ತು ಬೆಳಗ್ಗೆ ಹನ್ನೊಂದು ಸಲ ಅದನ್ನೇ ಉಸಿರು ಬಿಗಿಹಿಡಿದು ಕಾದಿದ್ದೆ. ಇನ್ನೇನು ಆಫ್ ಆಯಿತು ಅನ್ನುವ ಆ ಹೊತ್ತು ಎಷ್ಟೆಂದು ನನ್ನ ಮೈಗೆ ಗೊತ್ತಿತ್ತು. ಈಗ ಹಿಡಿದುಕೊಳ್ಳುತ್ತದೆ, ಈಗ, ಎಂದುಕೊಂಡೆ. ಹಿಡಿದುಕೊಂಡಿತು. ಅವನ ಮೈ ಒಮ್ಮೆ ಅದುರಿತು. ಯಂತ್ರ ಕಿರುಚಿಕೊಂಡು ನರ್ಸು ಓಡಿ ಬರುವಷ್ಟರಲ್ಲಿ ಎರಡನೆಯ ತಡೆ ಬಂತು. ಅದು ನನಗೆ ಗೊತ್ತಿದ್ದ ಹೊತ್ತನ್ನು ದಾಟಿ ಮುಂದಕ್ಕೆ ಹೋಯಿತು. ಯಾರೋ ನನ್ನನ್ನು ಪಕ್ಕಕ್ಕೆ ತಳ್ಳಿದರು. ನಾನು ಗೋಡೆಗೆ ಒರಗಿ "ಹಿಡ್ಕೋ, ಹಿಡ್ಕೋ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆನಂತೆ.

ಉಳಿಸಿದರು. ಕಣ್ಣು ಬಿಟ್ಟು, "ಏನಾಯ್ತು? ಫೋನೆಲ್ಲಿ?" ಎಂದು ಕೇಳಿದ. ಹೃದಯದಲ್ಲಿ ಬಡಿತವನ್ನು ಹೊರಡಿಸುವ ದಾರಿಯಲ್ಲೇ ದೋಷವಿದೆ, ಹೆಚ್ಚಿನ ಹೊತ್ತು ಸರಿಯಿದ್ದು ಒಮ್ಮೊಮ್ಮೆ ನಿಲ್ಲುತ್ತದೆ ಎಂದರು. ಮರುದಿನ, ಅವನು ಬೆಟ್ಟದ ತಿರುವಿನಲ್ಲಿ ಇರಬೇಕಾಗಿದ್ದ ಹೊತ್ತಿಗೆ, ಎದೆಯ ಮೇಲ್ಭಾಗದಲ್ಲಿ ಪೇಸ್‌ಮೇಕರ್ ಇಟ್ಟರು.

ಟ್ರಕ್ಕು? ಒಂದು ತಿಂಗಳ ಮೇಲೆ ಅವನನ್ನು ಮತ್ತೆ ಅದರಲ್ಲಿ ಕೂರಿಸಿ ಸ್ಟಾರ್ಟ್ ಮಾಡಿಸಿದೆ. ಸಮನಾಗಿ ಓಡಿತು. ಇಪ್ಪತ್ತು ಸಲ ಕೂರಿಸಿದೆ. ಇವತ್ತಿನವರೆಗೂ ಅದು ಒಮ್ಮೆಯೂ ತಡವರಿಸಿಲ್ಲ. ಸೀಟು ಕಿತ್ತು ಕೆಳಗಿನ ಒಂದೊಂದು ವೈರನ್ನೂ ಬೆರಳಲ್ಲಿ ತಡವಿ ನೋಡಿದ್ದೇನೆ. ಕೊಂಡಿಯ ತೇವ ಕೊನೆಗೊಮ್ಮೆ ತಾನಾಗಿ ಒಣಗಿರಬಹುದು, ಉಳಿದದ್ದು ಕಾಕತಾಳೀಯ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವನೊಬ್ಬನಿಗೇ ತೇವವಾಗುವ ಕೊಂಡಿ ಯಾವುದು ಎಂದು ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ.

ಕಾಕಾ ಊರಿಗೆ ಹೊರಡುವ ಮುನ್ನ ಒಂದು ದಿನ ಎದುರು ಕೂರಿಸಿಕೊಂಡು, ನಿಮಗೆ ಹ್ಯಾಂಗ ಗೊತ್ತಾತು ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನಂಗೇನ್ ಗೊತ್ತಿತ್ತವ್ವಾ? ಗ್ಯಾರೇಜಿನಾಗ ಏನ್ ಮಾಡ್ತೀವಿ, ಒಂದೊಂದಽ ತಗೀತ ಹೋಗ್ತೀವಿ. ಪಂಪ್ ಅಲ್ಲ, ನಾಜಲ್ ಅಲ್ಲ, ವೈರ್ ಅಲ್ಲ. ನೀ ಅಲ್ಲ, ನಾ ಅಲ್ಲ, ಅಕ್ಕಿ ಚೀಲಾನೂ ಅಲ್ಲ. ಉಳದಾಂವ ಅಂವ ಒಬ್ಬನಽ. ಉಳದದ್ದನ್ನ ಬಿಚ್ಚಿ ನೋಡಬೇಕು."

ಅಷ್ಟು ಹೇಳಿ ಚಹಾದ ಬಟ್ಟಲು ಎತ್ತಿಕೊಂಡರು. ಅವರ ಮಟ್ಟಿಗೆ ಅದು ಮುಗಿದ ಕೆಲಸ. ನನಗೆ ಮುಗಿದಿಲ್ಲ. ಒಂದು ಹಳೆಯ ಕಬ್ಬಿಣದ ಎಂಜಿನ್ನಿಗೂ, ಮೂರು ಅಡಿ ದೂರ ಕೂತ ಮನುಷ್ಯನ ಎದೆಗೂ ಏನು ಸಂಬಂಧವೆಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರು ಯಾರಾದರೂ ಸಿಕ್ಕರೆ ಅವರನ್ನೂ ನಾನು ನಂಬುವುದಿಲ್ಲ.

ಆಸ್ಪತ್ರೆಯವರಿಗೆ ಮಾತ್ರ ಇದರಲ್ಲಿ ಒಗಟೇನೂ ಇಲ್ಲ. ಬೆಳಗ್ಗೆ ಪ್ರಜ್ಞೆ ತಪ್ಪಿ ಬಿದ್ದ, ಹೆಂಡತಿ ಕೂಡಲೇ ಕರೆತಂದಳು, ಬದುಕಿದ. ಅವನ ಫೈಲಿನಲ್ಲಿ ಹಾಗೆಯೇ ಇದೆ, ಅರ್ಧ ನಿಮಿಷ ಎನ್ನುವುದೂ ಇದೆ. ಆರು ತಿಂಗಳಿಗೊಮ್ಮೆ ಪೇಸ್‌ಮೇಕರ್ ತೋರಿಸಲು ಹೋಗುತ್ತೇವೆ. ಹೃದಯದ ವೈದ್ಯರು ಅದನ್ನು ಓದಿ, ನೀವು ಅವತ್ತು ಬಿದ್ದದ್ದೇ ಪುಣ್ಯ, ಬಹಳ ಜನಕ್ಕೆ ಆ ಮುನ್ಸೂಚನೆಯೂ ಸಿಗುವುದಿಲ್ಲ ಎನ್ನುತ್ತಾರೆ. ಆಮೇಲೆ ಮತ್ತೆ ಯಾವತ್ತಾದರೂ ಬಿದ್ದಿರಾ ಎಂದು ಕೇಳುತ್ತಾರೆ. ಜೀವನದಲ್ಲಿ ಒಮ್ಮೆಯೂ ಹಾಗೆ ಬೀಳದ ನನ್ನ ಗಂಡ ನನ್ನ ಕಡೆ ನೋಡುತ್ತಾನೆ. "ಇಲ್ಲ ಡಾಕ್ಟರ್, ಆ ಒಂದೇ ಸಲ," ಎನ್ನುತ್ತಾನೆ.